ಐದು ಸೀಡಿಗಳ ‘ರಿವೆನ್’, ಕೊನೆಗೂ ಮುಗಿಯಿತು

‘ರಿವೆನ್’ ಆಡಬೇಕು ಅನ್ನುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಓಡುವುದಿಲ್ಲ, ಹಾರುವುದಿಲ್ಲ, ಯಾರಿಗೂ ಗುಂಡು ಹೊಡೆಯುವುದಿಲ್ಲ. ಒಂದು ಚಿತ್ರ ಕಾಣುತ್ತದೆ, ಕ್ಲಿಕ್ ಮಾಡಿದರೆ ಮುಂದಿನ ಚಿತ್ರ ಬರುತ್ತದೆ, ಅಷ್ಟೇ. ನನ್ನ ಅಣ್ಣನ ಮಗ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ, “ಅತ್ತೆ, ಇದು ಗೇಮಾ, ಫೋಟೋ ಆಲ್ಬಮ್ಮಾ?” ಅಂತ ಕೇಳಿ ಮೊಬೈಲ್ ಹಿಡಿದು ಹೊರಟುಹೋದ. ಅವನ ಪ್ರಶ್ನೆ ತಪ್ಪೇನಲ್ಲ. ಆದರೂ ನಾನು ಆಡಿದ ಗೇಮುಗಳಲ್ಲಿ ಇಷ್ಟು ಗಟ್ಟಿಯಾಗಿ ಕಟ್ಟಿದ ಇನ್ನೊಂದು ಊರನ್ನು ನೋಡಿಲ್ಲ.

ಗೊತ್ತಿಲ್ಲದವರಿಗೆ ಹಿನ್ನೆಲೆ. ಅಮೆರಿಕದ ಸಯಾನ್ ಎಂಬ ಕಂಪನಿಯ ರ‍್ಯಾಂಡ್ ಮಿಲ್ಲರ್, ರಾಬಿನ್ ಮಿಲ್ಲರ್ ಎಂಬ ಅಣ್ಣತಮ್ಮಂದಿರು 1993ರಲ್ಲಿ ‘ಮಿಸ್ಟ್’ ಅನ್ನುವ ಗೇಮ್ ಬಿಟ್ಟರು. 2002ರಲ್ಲಿ ‘ದ ಸಿಮ್ಸ್’ ಹಿಂದಿಕ್ಕುವವರೆಗೂ ಕಂಪ್ಯೂಟರ್ ಗೇಮುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಅದೇ. ಅದರ ಮುಂದಿನ ಭಾಗ ‘ರಿವೆನ್’, ಬಂದದ್ದು 1997ರಲ್ಲಿ. ರಾಬಿನ್ ಜೊತೆಗೆ ರಿಚರ್ಡ್ ವ್ಯಾಂಡರ್ ವೆಂಡೆ ಅನ್ನುವವರು ಇದನ್ನು ನಿರ್ದೇಶಿಸಿದರು. ಇಡೀ ಗೇಮ್ ಐದು ಸೀಡಿಗಳಲ್ಲಿ ಬರುತ್ತಿತ್ತು. ಒಂದು ದ್ವೀಪದಿಂದ ಇನ್ನೊಂದು ದ್ವೀಪಕ್ಕೆ ಹೋಗಬೇಕಾದರೆ ಸೀಡಿ ತೆಗೆದು ಇನ್ನೊಂದು ಹಾಕಬೇಕು.

ಅಣ್ಣ ಆಗ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದ. ಹಾಸ್ಟೆಲಿನ ಯಾರೋ ಗೆಳೆಯನ ಹತ್ತಿರ ಕಾಪಿ ಮಾಡಿಸಿಕೊಂಡ ಐದು ಸೀಡಿ, ಮೇಲೆ ಮಾರ್ಕರಿನಲ್ಲಿ ಬರೆದ ನಂಬರು. ಅದರಲ್ಲಿ ನಾಲ್ಕನೆಯದಕ್ಕೆ ಗೀರು ಬಿದ್ದಿತ್ತು. ಆ ಸೀಡಿ ಹಾಕಿದ ಕೂಡಲೇ ಡ್ರೈವ್ ಕರಕರ ಅಂತ ತಿರುಗಿ ಸ್ಕ್ರೀನು ನಿಂತುಬಿಡುತ್ತಿತ್ತು. ಟೂತ್‌ಪೇಸ್ಟ್ ಹಚ್ಚಿ ಒರೆಸಿದ್ದೂ ಆಯಿತು. ಅಣ್ಣ ಕೆಲಸ ಹಿಡಿದು ಬೆಂಗಳೂರಿಗೆ ಹೋದ, ಸೀಡಿಗಳು ಅಟ್ಟ ಸೇರಿದವು. ಆಮೇಲೆ ನಾನು ಡಿಟಿಪಿ ಕಲಿತೆ, ಬಿ.ಎಂ. ರಸ್ತೆಯಿಂದ ಒಳಗಿನ ಒಂದು ಗಲ್ಲಿಯಲ್ಲಿ ಅಂಗಡಿ ಹಾಕಿದೆ. ಲಗ್ನಪತ್ರಿಕೆ, ಅರ್ಜಿ, ಝೆರಾಕ್ಸು, ಲ್ಯಾಮಿನೇಶನ್ನು. ದಿನವಿಡೀ ಸ್ಕ್ರೀನ್ ಮುಂದೆಯೇ ಕೂತವಳಿಗೆ ಸಂಜೆ ಮತ್ತೆ ಸ್ಕ್ರೀನ್ ನೋಡುವ ಮನಸ್ಸು ಎಲ್ಲಿ ಬರಬೇಕು?

ಹಾಸನಾಂಬೆ ಗುಡಿಯ ಬಾಗಿಲು ತೆಗೆದ ದಿನಗಳಲ್ಲಿ ಊರಿನ ಸ್ಥಿತಿ ಹಾಸನದವರಿಗೆ ಗೊತ್ತೇ ಇದೆ. ವರ್ಷಕ್ಕೊಂದು ಸಲ ದರ್ಶನ, ಎಲ್ಲೆಲ್ಲಿಂದಲೋ ಜನ, ಬ್ಯಾರಿಕೇಡು, ವಾಹನಗಳಿಗೆ ಒನ್‌ವೇ. ನನ್ನ ಗಲ್ಲಿಗೆ ಗಿರಾಕಿ ಬರುವ ದಾರಿಯೇ ಬಂದ್. ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಾಗ ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಸೇಲ್ ನಡೆಯುತ್ತಿತ್ತು, ‘ರಿವೆನ್’ ಹಳೆಯ ಆವೃತ್ತಿ ಕಣ್ಣಿಗೆ ಬಿತ್ತು. ಕೊಂಡೆ. ಈಗ ಸಿಗುವುದು ಸ್ಕಮ್‌ವಿಎಮ್ ಅನ್ನುವ ಉಚಿತ ತಂತ್ರಾಂಶದ ಮೇಲೆ ನಡೆಯುತ್ತದೆ, ಹಾಗಾಗಿ ಸೀಡಿ ಬದಲಿಸುವ ರಗಳೆ ಇಲ್ಲ. ಅಂಗಡಿಯ ಹಳೇ ಸಿಸ್ಟಮ್ಮಿನಲ್ಲೂ ಒಂದು ಚೂರೂ ತಡವರಿಸಲಿಲ್ಲ.

ಕಥೆ ಇಷ್ಟು. ಆಟ್ರಸ್ ಎಂಬಾತ ಪುಸ್ತಕ ಬರೆದು ಲೋಕಗಳಿಗೆ ದಾರಿ ಮಾಡುವವನು. ಅವನ ಹೆಂಡತಿ ಕ್ಯಾಥರಿನ್ ರಿವೆನ್ ಎಂಬ ಲೋಕದಲ್ಲಿ ಸೆರೆಯಾಗಿದ್ದಾಳೆ. ಸೆರೆ ಹಾಕಿದವನು ಬೇರೆ ಯಾರೂ ಅಲ್ಲ, ಆಟ್ರಸ್‌ನ ಅಪ್ಪ ಗೆನ್. ಅಂದರೆ ಸೊಸೆಯನ್ನು ಮಾವನೇ ಕೂಡಿಹಾಕಿದ್ದಾನೆ. ರಿವೆನ್ ಕುಸಿಯುತ್ತಿದೆ. ಅದು ಬೀಳದ ಹಾಗೆ ಆಟ್ರಸ್ ಕೂತಲ್ಲೇ ಬರೆಯುತ್ತ ಹಿಡಿದಿಟ್ಟಿದ್ದಾನೆ, ಅದಕ್ಕೇ ತಾನು ಬರಲಾರ. ನಿಮ್ಮ ಕೈಗೆ ಒಂದು ದಿನಚರಿ, ಒಂದು ಪುಸ್ತಕ ಕೊಟ್ಟು ಕಳಿಸುತ್ತಾನೆ. ಆ ಪುಸ್ತಕ ನೋಡಲು ಬೇರೆ ಲೋಕಕ್ಕೆ ಒಯ್ಯುವ ಪುಸ್ತಕದ ಹಾಗೇ ಇದೆ, ಆದರೆ ಮುಟ್ಟಿದವನು ಅದರೊಳಗೇ ಸಿಕ್ಕಿಬೀಳುತ್ತಾನೆ. ಗೆನ್‌ನನ್ನು ಅದರಲ್ಲಿ ಕೆಡವಬೇಕು. ರಿವೆನ್‌ಗೆ ಕಾಲಿಟ್ಟ ಕೂಡಲೇ ನೀವು ಪಂಜರದಲ್ಲಿ, ಪುಸ್ತಕವೂ ಕೈತಪ್ಪುತ್ತದೆ. ಅಲ್ಲಿಂದ ಯಾರೂ ಏನೂ ಹೇಳಿಕೊಡುವುದಿಲ್ಲ.

ಇನ್ನು ನನ್ನನ್ನು ಹಿಡಿದು ಕೂರಿಸಿದ ಭಾಗ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಕಾಡಿನ ದ್ವೀಪದಲ್ಲಿ ಮರ ಕಡಿಯುತ್ತಾರೆ. ದಿಮ್ಮಿ ಸಾಗಿಸಲು ಒಂದು ಹಳಿಬಂಡಿ ಇದೆ. ಅದರಲ್ಲಿ ನೀವೇ ಹತ್ತಿ ಕೂತರೆ ನೀರಿನಡಿಯ ಕೊಳವೆಯಲ್ಲಿ ಧಡಧಡನೆ ಒಯ್ದು ಇನ್ನೊಂದು ದ್ವೀಪದಲ್ಲಿ ಮರದ ದಿಮ್ಮಿಯನ್ನು ಸುರಿದ ಹಾಗೆ ಸುರಿಯುತ್ತದೆ. ಎದ್ದು ನೋಡಿದರೆ ಕೆರೆಯ ನಡುವೆ ದೊಡ್ಡ ಬಾಯ್ಲರು. ಕೆಳಗೆ ಬೆಂಕಿ, ಒಳಗೆ ನೀರು, ಹಬೆಯ ಪೈಪುಗಳು, ತಿರುಗಿಸುವ ವಾಲ್ವುಗಳು. ನಾನು ಮೊದಲು ಅಂದುಕೊಂಡೆ, ಇದೂ ಆಟದವರು ತಲೆ ತಿನ್ನಲು ಇಟ್ಟ ಒಂದು ಯಂತ್ರ ಅಂತ. ಹಬೆಯನ್ನು ಬೇರೆ ಕಡೆ ತಿರುಗಿಸಿದೆ, ಬೆಂಕಿ ನಿಲ್ಲಿಸಿದೆ, ನೀರು ಬಸಿದೆ, ತಳದ ಜಾಲರಿ ಮೇಲೆತ್ತಿದೆ, ಬಾಗಿಲು ತೆರೆಯಿತು. ಒಳಗೆ ಹೋಗಿ ನಡುವಿನ ಕೊಳವೆಯಲ್ಲಿ ಇಳಿಯುವಾಗ ತಲೆಯಲ್ಲಿ ಟಕ್ ಅಂತು: ಆ ಕಡೆ ಕಾಡು, ಈ ಕಡೆ ಮರದ ಚೂರು, ಆಮೇಲೆ ಬೇಯಿಸುವುದು. ಈ ಗೆನ್ ಕಾಗದ ಮಾಡುತ್ತಿದ್ದಾನೆ!

ಪುಸ್ತಕದಿಂದ ಲೋಕ ತೆರೆಯುವ ವಿದ್ಯೆ ಗೆನ್‌ಗೆ ಬೇಕು, ಕಾಗದ ಇಲ್ಲದೆ ಪುಸ್ತಕ ಇಲ್ಲ. ಅದಕ್ಕೆ ಕಾಡು ಬೋಳಾಗಿದೆ, ಜನ ಜೀತ ಮಾಡುತ್ತಿದ್ದಾರೆ. ಅವನ ಪ್ರಯೋಗಶಾಲೆಗೆ ಹೋದರೆ ಅರೆಬರೆ ಪ್ರಯೋಗಗಳು, ಟಿಪ್ಪಣಿಗಳು. ಇಷ್ಟೆಲ್ಲ ಮಾಡಿಯೂ ಅವನ ಪುಸ್ತಕ ತನ್ನಷ್ಟಕ್ಕೆ ಕೆಲಸ ಮಾಡುವುದಿಲ್ಲ, ಹೊರಗಿನಿಂದ ಶಕ್ತಿ ಕೊಡಬೇಕು. ಪ್ರತಿ ದ್ವೀಪದಲ್ಲೂ ಕಾಣುವ ಚಿನ್ನದ ಬಣ್ಣದ ಗುಮ್ಮಟಗಳು ಅದಕ್ಕೇ ಇರುವುದು. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಬಾಯ್ಲರಿನ ಹೊಟ್ಟೆಯೊಳಗಿಂದ ನಡೆದುಹೋದವರಿಗೆ ತಾನಾಗಿ ತಿಳಿಯುತ್ತದೆ. ಭದ್ರಾವತಿಯ ಎಂಪಿಎಂ ಕಾಗದದ ರೀಮು ಬರುತ್ತಿದ್ದ ಕಾಲದಿಂದ ಕಾಗದ ಮುಟ್ಟಿ ದಪ್ಪ ಹೇಳುವವಳು ನಾನು. ನನ್ನ ಕಸುಬಿನ ಕಚ್ಚಾಮಾಲು ಒಂದು ಗೇಮಿನ ಖಳನಾಯಕನ ಉದ್ಯಮ ಆಗಿರುತ್ತದೆ ಅಂತ ಯಾರು ಅಂದುಕೊಂಡಿದ್ದರು?

ಬೇರೆ ಒಗಟಿನ ಗೇಮುಗಳಲ್ಲಿ ಬಾಗಿಲಿಗೆ ಒಂದು ಬೀಗ, ಬೀಗಕ್ಕೆ ಒಂದು ಒಗಟು, ಯಾಕೆ ಅಂತ ಕೇಳಬಾರದು. ಮನೆ ಬಾಗಿಲಿಗೆ ಚದುರಂಗದ ಒಗಟು ಇಟ್ಟುಕೊಂಡು ಯಾರು ಸಂಸಾರ ಮಾಡುತ್ತಾರೆ ಹೇಳಿ? ‘ರಿವೆನ್’ನಲ್ಲಿ ಒಂದೊಂದು ಲಿವರಿಗೂ ಅದರದೇ ಕೆಲಸ ಇದೆ, ಅದನ್ನು ದಿನಾ ಎಳೆಯುವ ಒಬ್ಬ ಮನುಷ್ಯ ಇದ್ದಾನೆ. ನಾವು ಬಿಡಿಸಬೇಕಾದದ್ದು ಆ ಮನುಷ್ಯನ ರೂಢಿಯನ್ನು.

ಅಂಕಿಗಳ ವಿಷಯಕ್ಕೆ ಬರುತ್ತೇನೆ. ಗೆನ್ ಎಲ್ಲ ಲೆಕ್ಕವನ್ನೂ ಡನೀ ಎಂಬ ಹಳೆಯ ಜನರ ಅಂಕಿಗಳಲ್ಲಿ ಬರೆಯುತ್ತಾನೆ. ಅದನ್ನು ನಾವು ಕಲಿಯುವುದು ಎಲ್ಲಿ? ಊರಿನ ಮಕ್ಕಳ ಶಾಲೆಯಲ್ಲಿ. ಖಾಲಿ ಕೋಣೆಯಲ್ಲಿ ಒಂದು ಮರದ ಆಟಿಕೆ ಇದೆ. ಗಲ್ಲುಗಂಬದ ಹಾಗೆ ಮೇಲಿಂದ ಎರಡು ಪುಟ್ಟ ಮನುಷ್ಯರ ಬೊಂಬೆ ತೂಗುತ್ತವೆ, ಕೆಳಗೆ ಬಾಯಿ ತೆರೆದ ವಾರ್ಕ್ ಎಂಬ ಸಮುದ್ರಪ್ರಾಣಿ. ಕೆಳಗಿನ ತುಂಡು ಎಳೆದರೆ ಒಂದು ಚಿಹ್ನೆ ಕಾಣುತ್ತದೆ, ಬೊಂಬೆ ಟಕ್ ಟಕ್ ಟಕ್ ಅಂತ ಅಷ್ಟು ಹಲ್ಲು ಕೆಳಗಿಳಿಯುತ್ತದೆ. ಎಷ್ಟು ಟಕ್ ಆಯಿತೋ ಅದು ಆ ಚಿಹ್ನೆಯ ಬೆಲೆ. ಹೀಗೆ ಇಳಿದು ಇಳಿದು ಬೊಂಬೆ ವಾರ್ಕಿನ ಬಾಯಿಗೆ. ಮಕ್ಕಳು ಎಣಿಸಲು ಕಲಿಯುವುದು ಹೀಗೆ! ಮೊದಲು ನಕ್ಕೆ. ಆಮೇಲೆ ಕೆರೆಯ ಮೇಲೆ ನಿಜವಾದ ಗಲ್ಲುಗಂಬ ಕಂಡಾಗ ನಗು ಹೋಯಿತು. ಗೆನ್‌ನನ್ನು ಆ ಜನ ದೇವರೆಂದು ಯಾಕೆ ಪೂಜಿಸುತ್ತಾರೆ, ನಮ್ಮನ್ನು ಕಂಡ ಕೂಡಲೇ ಯಾಕೆ ಓಡಿ ಕದ ಹಾಕಿಕೊಳ್ಳುತ್ತಾರೆ ಅನ್ನುವುದು ಒಂದು ಆಟಿಕೆಯಲ್ಲಿ ಗೊತ್ತಾಗಿಹೋಗುತ್ತದೆ.

ಆಟಿಕೆ ಕಲಿಸುವುದು ಹತ್ತರವರೆಗೆ ಮಾತ್ರ. ಮುಂದಿನದು ನಮ್ಮ ಬುದ್ಧಿ. ಒಂದಕ್ಕೆ ಚೌಕದೊಳಗೆ ನೆಟ್ಟನೆಯ ಒಂದು ಗೆರೆ. ಅದೇ ಗೆರೆ ಅಡ್ಡ ಮಲಗಿದರೆ ಐದು. ಎರಡೂ ಒಂದರ ಮೇಲೊಂದು ಬಿದ್ದರೆ ಆರು. ಹಾಗೇ ಎರಡರ ಚಿಹ್ನೆ ತಿರುಗಿದರೆ ಹತ್ತು, ಮೂರರದು ತಿರುಗಿದರೆ ಹದಿನೈದು, ನಾಲ್ಕರದು ಇಪ್ಪತ್ತು. ನಮ್ಮ ಲೆಕ್ಕ ಹತ್ತರ ಗುಂಪಿನಲ್ಲಿ ನಡೆದರೆ ಇವರದು ಇಪ್ಪತ್ತೈದರ ಗುಂಪಿನಲ್ಲಿ. ಒತ್ತು, ಕೊಂಬು, ದೀರ್ಘ ತಪ್ಪಿದ್ದರೆ ದೂರದಿಂದಲೇ ಹಿಡಿಯುವ ಕಣ್ಣು ನನ್ನದು, ಇದು ಮಾತ್ರ ನನಗೆ ಬೇಗ ಒಲಿಯಿತು. ಒಂದು ಕಡೆ ಪ್ರಿಂಟ್ ಆಗಿ ಹಾಳಾದ ಎ4 ಹಾಳೆಗಳ ಹಿಂಬದಿಯಲ್ಲಿ ಒಂದರಿಂದ ಇಪ್ಪತ್ತೈದು ಬರೆದು ಮಾನಿಟರ್ ಪಕ್ಕಕ್ಕೆ ಅಂಟಿಸಿದ್ದೆ. ಪಹಣಿ ಝೆರಾಕ್ಸಿಗೆ ಬಂದ ಯಜಮಾನರೊಬ್ಬರು ಅದನ್ನೇ ನೋಡಿ, “ಏನಮ್ಮ ಇದು, ಯಂತ್ರ ಬರ್ಕೊಡೋದೂ ಶುರು ಮಾಡಿದ್ಯಾ?” ಅಂದರು. ಇಲ್ಲ ಅಂದರೂ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಹೆಡ್‌ಫೋನ್ ಇಲ್ಲದೆ ಆಡಬೇಡಿ. ಸಂಗೀತ ರಾಬಿನ್ ಮಿಲ್ಲರ್ ಅವರದು. ಅದು ಚೆನ್ನಾಗಿದೆ, ಆದರೆ ನಾನು ಹೇಳುತ್ತಿರುವುದು ಅದಕ್ಕಲ್ಲ. ದ್ವೀಪಗಳಲ್ಲಿ ಅಲ್ಲಲ್ಲಿ ಕಣ್ಣಿನಂಥ ಮರದ ಗುಂಡುಗಳಿವೆ. ತಿರುಗಿಸಿದರೆ ಒಂದು ಪ್ರಾಣಿಯ ಕೂಗು ಕೇಳುತ್ತದೆ, ಹಿಂಬದಿಯಲ್ಲಿ ಒಂದು ಅಂಕಿ ಕಾಣುತ್ತದೆ. ಆ ಕೂಗು ಯಾವ ಪ್ರಾಣಿಯದು ಅಂತ ತಿಳಿಯಬೇಕಾದರೆ ಆ ಪ್ರಾಣಿಯನ್ನು ಮೊದಲೇ ಕಂಡು, ಕೇಳಿ, ನೆನಪಿಟ್ಟುಕೊಂಡಿರಬೇಕು. ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗುವ ಪ್ರಾಣಿಗಳಿವೆ. ದಡಬಡ ಹತ್ತಿರ ಹೋದರೆ ನೀರಿಗೆ ಹಾರುತ್ತವೆ. ನಿಧಾನವಾಗಿ ಹೋದವರಿಗೆ ಅವುಗಳ ದನಿ ಕೇಳಿಸುತ್ತದೆ. ಕೊನೆಗೆ ಗುಪ್ತ ಕೋಣೆಯೊಂದರಲ್ಲಿ ಪ್ರಾಣಿಗಳ ಚಿತ್ರ ಕೊರೆದ ಇಪ್ಪತ್ತೈದು ಕಲ್ಲುಗಳ ನಡುವೆ ನಿಂತಾಗ, ಇಷ್ಟು ಹೊತ್ತು ಸುಮ್ಮನೆ ಅಡ್ಡಾಡಿದ್ದೇನೆ ಅಂದುಕೊಂಡದ್ದೆಲ್ಲ ಕೆಲಸಕ್ಕೆ ಬರುತ್ತದೆ. ಹಳೇಬೀಡಿಗೆ ಬಂದವರಲ್ಲಿ ಸೆಲ್ಫಿ ತೆಗೆದು ಬಸ್ ಹತ್ತುವವರು ಒಂದು ತರಹ, ಕೆಳಗಿನ ಆನೆಯ ಸಾಲಿನಿಂದ ಶುರುಮಾಡಿ ಒಂದೊಂದೇ ಪಟ್ಟಿಕೆ ನೋಡುತ್ತ ಸುತ್ತು ಬರುವವರು ಇನ್ನೊಂದು ತರಹ. ಈ ಗೇಮು ಎರಡನೆಯವರಿಗೆ.

ಕಣ್ಣಿಗೆ ಮಣ್ಣೆರಚುವುದರಲ್ಲೂ ಇವರು ನಿಸ್ಸೀಮರು. ಮೊದಲ ದ್ವೀಪದಲ್ಲೇ ಬೀಗ ಹಾಕಿದ ಒಂದು ಗೇಟು. ಕೀಲಿ ಹುಡುಕಿ ಹುಡುಕಿ ಸಾಕಾಗುತ್ತದೆ. ಕೀಲಿ ಇಲ್ಲವೇ ಇಲ್ಲ, ಗೇಟಿನ ಕೆಳಗೆ ಸಂದಿ ಇದೆ, ತೆವಳಿಕೊಂಡು ಹೋಗಬೇಕು. ನಿಜಜೀವನದಲ್ಲಿ ಹತ್ತು ವರ್ಷದ ಹುಡುಗ ಮೊದಲು ಮಾಡುವ ಕೆಲಸ ಅದೇ. ಇನ್ನೊಂದು ಕಡೆ ಜೋಡಿಬಾಗಿಲು ತೆರೆದು ಒಳಗೆ ಹೋಗುತ್ತೀರಿ. ತೆರೆದ ಕದಗಳೇ ಎಡಬಲದ ಎರಡು ದಾರಿಗಳನ್ನು ಮುಚ್ಚಿಕೊಂಡಿರುತ್ತವೆ. ಒಳಗೆ ಹೋದ ಮೇಲೆ ಹಿಂದೆ ತಿರುಗಿ ಬಾಗಿಲು ಹಾಕಿದರೆ ಮಾತ್ರ ಕಾಣುತ್ತವೆ. ನಮ್ಮಮ್ಮ ಆಡಿದ್ದರೆ ಅಲ್ಲಿ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಸೊಳ್ಳೆ ಬರುತ್ತದೆ ಅಂತ ಬಾಗಿಲು ಹಾಕಿಕೊಂಡೇ ಒಳಗೆ ಬರುವವಳು ಅವಳು.

ಈಗ ಬೈಯುವ ಸರದಿ. ಗುಮ್ಮಟಗಳಿಗೆ ಶಕ್ತಿ ಕೊಡುವ ಬಣ್ಣದ ಗೋಲಿಗಳ ಒಗಟು. ಆರು ಗೋಲಿ, ಐದು ಗುಮ್ಮಟ. ಅಡ್ಡ 25, ಉದ್ದ 25, ಒಟ್ಟು 625 ತೂತುಗಳ ಒಂದು ಹಲಗೆ. ಯಾವ ದ್ವೀಪದ ಗುಮ್ಮಟ ಆ ಹಲಗೆಯ ಮೇಲೆ ಸರಿಯಾಗಿ ಎಲ್ಲಿ ಬರುತ್ತದೆ ಅಂತ ಇನ್ನೊಂದು ದ್ವೀಪದ ನಕ್ಷೆಯಂತ್ರದಲ್ಲಿ ನೋಡಿ ಲೆಕ್ಕ ಹಾಕಬೇಕು. ಯಾವುದಕ್ಕೆ ಯಾವ ಬಣ್ಣ ಅಂತ ನೀರಿನಡಿಯ ಕೋಣೆಯೊಂದರಲ್ಲಿ ದೀಪ ಹಾಕಿ ನೋಡಬೇಕು, ಅದರಲ್ಲಿ ಒಂದು ದೀಪ ಫ್ಯೂಸ್ ಹೋಗಿದೆ. ಆ ಫ್ಯೂಸ್ ಹೋದ ದೀಪ ನನಗೆ ಬಹಳ ಇಷ್ಟವಾಯಿತು, ಸರ್ಕಾರಿ ಬೀದಿದೀಪದಷ್ಟು ಸಹಜ. ಆದರೆ ಇಷ್ಟೆಲ್ಲ ಮಾಡಿ ಗೋಲಿ ಇಟ್ಟು ಗುಂಡಿ ಒತ್ತಿದರೆ, ತಪ್ಪಿದ್ದಲ್ಲಿ ಏನೂ ಆಗುವುದಿಲ್ಲ. ಯಾವ ಗೋಲಿ ತಪ್ಪು, ಎಷ್ಟು ಮನೆ ಆಚೀಚೆ, ಒಂದು ಸುಳಿವೂ ಇಲ್ಲ. ಚಿತ್ರದ ಅಳತೆ ಅಗಲ 608, ಎತ್ತರ 392 ಪಿಕ್ಸೆಲ್. ಅಷ್ಟರಲ್ಲಿ 625 ತೂತು ತುಂಬಿದರೆ ಒಂದೊಂದರ ಪಾಲಿಗೆ ಎಷ್ಟು ಬರುತ್ತದೆ? 1997ರ ಹದಿನಾಲ್ಕು ಇಂಚಿನ ಮಾನಿಟರಿನಲ್ಲಿ ಇದನ್ನು ಬಿಡಿಸಿದವರಿಗೆ ನನ್ನ ನಮಸ್ಕಾರ. ಒಗಟು ಅರ್ಥವಾದ ಮೇಲೂ ಬರೀ ಎಣಿಸುವುದರಲ್ಲಿ ಸೋಲುವುದು ನ್ಯಾಯ ಅಲ್ಲ.

ದಿಕ್ಕು ತಪ್ಪುವುದು ಇನ್ನೊಂದು ಕಾಟ. ಕ್ಲಿಕ್ ಮಾಡಿದರೆ ಕೆಲವು ಕಡೆ ಪೂರ್ತಿ ಬಲಕ್ಕೆ ತಿರುಗುತ್ತದೆ, ಕೆಲವು ಕಡೆ ಅರ್ಧ. ಕಾಡಿನಲ್ಲಂತೂ ಯಾವ ಕಡೆಯಿಂದ ಬಂದೆ ಅನ್ನುವುದೇ ಮರೆತುಹೋಗುತ್ತದೆ.

ಇಂಗ್ಲಿಷಿಗೆ ಹೆದರುವವರಿಗೆ: ಮಾತು ಕಡಿಮೆ, ಓದು ಜಾಸ್ತಿ. ಆಟ್ರಸ್, ಗೆನ್, ಕ್ಯಾಥರಿನ್ ಮೂವರ ದಿನಚರಿಗಳಿವೆ, ಮೂವರದೂ ಕೂಡಿಸಿ ಬರೆದ ಕೈಬರಹ. ವಕೀಲರ ಕರಡು, ಡಾಕ್ಟರ ಚೀಟಿ ಓದಿ ಟೈಪ್ ಮಾಡುವುದೇ ನನ್ನ ಹೊಟ್ಟೆಪಾಡು, ನನಗೆ ಕಷ್ಟ ಆಗಲಿಲ್ಲ. ಉಳಿದವರು ಚಿತ್ರ ದೊಡ್ಡದು ಮಾಡಿಕೊಂಡು ನಿಧಾನಕ್ಕೆ ಓದಿ. ಹಾರಿಸಬೇಡಿ, ಸುಳಿವುಗಳು ಅಲ್ಲೇ ಇವೆ.

ಇಂಟರ್‌ನೆಟ್‌ನಲ್ಲಿ ಉತ್ತರ ಪೂರ್ತಿ ಇದೆಯಲ್ಲ ಅಂತ ಕೇಳಬಹುದು. ಇದೆ. ಆದರೆ ಗುಮ್ಮಟ ತೆರೆಯುವ ಸಂಖ್ಯೆಯಂಥ ಮುಖ್ಯವಾದ ಕೆಲವು ಸಂಕೇತಗಳು ಪ್ರತಿ ಸಲ ಹೊಸ ಆಟ ಶುರು ಮಾಡಿದಾಗ ಬದಲಾಗುತ್ತವೆ. ಇನ್ನೊಬ್ಬರ ಸಂಖ್ಯೆ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಗೆನ್‌ನ ಟಿಪ್ಪಣಿ ನೀವೇ ಓದಬೇಕು, ಅಂಕಿ ನೀವೇ ಕಲಿತಿರಬೇಕು. ಗೋಲಿಗಳ ಹತ್ತಿರ ನಾನು ಅಣ್ಣನಿಗೆ ವಾಟ್ಸಾಪಿನಲ್ಲಿ ಹಲಗೆಯ ಫೋಟೋ ಕಳಿಸಿದೆ. ಅವನು ಆಫೀಸಿನ ಮೀಟಿಂಗಿನಲ್ಲಿ ಕೂತು ಗುಂಪು ಗುಂಪಾಗಿ ಐದೈದು ಎಣಿಸಿ, “ಹಸಿರು ಒಂದು ಮನೆ ಮೇಲೆ ಹೋಗ್ಬೇಕು ಕಣೇ” ಅಂದ. ಅದು ಮೋಸ ಅಲ್ಲ. ಅವನೂ ಆ ನಾಲ್ಕನೇ ಸೀಡಿಯ ವಾರಸುದಾರನೇ.

ಕೊನೆಯ ಭಾಗ ಹೇಳಿಬಿಟ್ಟರೆ ನಿಮಗೆ ಸ್ವಾರಸ್ಯ ಉಳಿಯುವುದಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಅಷ್ಟೊಂದು ಯಂತ್ರ ಬಿಡಿಸಿದ ಮೇಲೆ ಕಟ್ಟಕಡೆಗೆ ಬಿಡಿಸಬೇಕಾದದ್ದು ಯಂತ್ರವಲ್ಲ, ಎದುರಿಗೆ ಕೂತು ಪೈಪು ಸೇದುತ್ತ ಸಭ್ಯವಾಗಿ ಮಾತಾಡುವ ಗೆನ್‌ನನ್ನು. ಜಾನ್ ಕೆಸ್ಟನ್ ಎಂಬ ನಟ ಆ ಪಾತ್ರ ಮಾಡಿದ್ದಾರೆ. ಎಷ್ಟು ನಯವಾಗಿ ಮಾತಾಡುತ್ತಾನೆಂದರೆ, ಗಲ್ಲುಗಂಬದ ಆಟಿಕೆ ನೋಡದೆ ಬಂದಿದ್ದರೆ ನಾನೂ ಇವನು ಒಳ್ಳೆಯವನೇ ಇರಬೇಕು ಅಂದುಕೊಳ್ಳುತ್ತಿದ್ದೆ. ಅಂತ್ಯಗಳು ಒಂದಕ್ಕಿಂತ ಹೆಚ್ಚಿವೆ, ಕೆಟ್ಟವೂ ಇವೆ. ಗೆನ್ ಎದುರಿಗೆ ಕೂರುವ ಮುಂಚೆ ಸೇವ್ ಮಾಡಿಟ್ಟುಕೊಳ್ಳಿ. ಒಳ್ಳೆಯ ಅಂತ್ಯ ಕಂಡ ಮೇಲೆ ನಾನು ಕೆಟ್ಟ ಅಂತ್ಯಗಳನ್ನೂ ಬೇಕಂತಲೇ ಆಡಿ ನೋಡಿದೆ. ಅವುಗಳಲ್ಲಿ ಒಂದೆರಡು ಒಳ್ಳೆಯದಕ್ಕಿಂತ ಚೆನ್ನಾಗಿವೆ.

2024ರಲ್ಲಿ ಸಯಾನ್‌ನವರೇ ‘ರಿವೆನ್’ಅನ್ನು ಹೊಸದಾಗಿ ಕಟ್ಟಿ ಬಿಟ್ಟಿದ್ದಾರೆ. ಅದರಲ್ಲಿ ಸ್ಲೈಡು ಸ್ಲೈಡಾಗಿ ಅಲ್ಲ, ಬೇಕಾದ ಕಡೆ ನಡೆದಾಡಬಹುದು, ಒಗಟುಗಳನ್ನೂ ಅಲ್ಲಲ್ಲಿ ಬದಲಿಸಿದ್ದಾರೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು, ನನ್ನ ಅಂಗಡಿಯ ಸಿಸ್ಟಮ್ಮಿಗೆ ಅದು ಆಗದ ಮಾತು. ನಿಮ್ಮ ಹತ್ತಿರ ಇದ್ದರೆ, ಅಣ್ಣನ ಮಗನಂಥ ತಾಳ್ಮೆಯವರಿದ್ದರೆ, ಅಲ್ಲಿಂದಲೇ ಶುರು ಮಾಡಿ. ಹಳೆಯದನ್ನು ಆಡುವವರು ಮಾತ್ರ ಮೊದಲು ‘ಮಿಸ್ಟ್’ ಮುಗಿಸಿರಬೇಕು ಅಂತೇನಿಲ್ಲ, ಆಟ್ರಸ್‌ನ ದಿನಚರಿಯಲ್ಲಿ ಬೇಕಾದಷ್ಟು ಹಿಂದಿನ ಕಥೆ ಇದೆ.

ಅಂಕ ಕೊಡಲೇಬೇಕು ಅಂದರೆ ಅವರ ಲೆಕ್ಕದಲ್ಲೇ ಕೊಡುತ್ತೇನೆ: 25ಕ್ಕೆ 22. ಎರಡು ಅಂಕ ಗೋಲಿಗಳಿಗೆ ಕಡಿತ, ಒಂದು ಕಾಡಿನಲ್ಲಿ ದಿಕ್ಕು ತಪ್ಪಿಸಿದ್ದಕ್ಕೆ. ಮುಂದಿನ ಭಾಗ ‘ಎಕ್ಸೈಲ್’ 2001ರದು, ಅದನ್ನು ಮಾಡಿದ್ದು ಪ್ರೆಸ್ಟೊ ಸ್ಟುಡಿಯೋಸ್ ಅನ್ನುವ ಬೇರೆ ತಂಡ. ಅವರ ಕೈಗುಣ ಹೇಗಿದೆಯೋ, ಮದುವೆ ಸೀಸನ್ನಿನ ಲಗ್ನಪತ್ರಿಕೆಗಳು ಮುಗಿದ ಮೇಲೆ ಸೇಲ್ ಬಂದಾಗ ನೋಡೋಣ.